ಆನ್‌ಲೈನ್‌ನಲ್ಲಿ ಮನೋವೈದ್ಯರನ್ನು ನೋಡುವ ಮೊದಲು

ನಾಳೆ ವಿಡಿಯೋ ಕಾಲ್‌ನಲ್ಲಿ ಮನೋವೈದ್ಯರ ಹತ್ತಿರ ಮಾತಾಡೋದಿದೆಯಾ? ಮೊದಲು ಕೂರೋಕೆ ಒಂದು ಜಾಗ ನೋಡಿಕೊಳ್ಳಿ. ನಾನು ಮೊದಲ ಸಲ ಹಾಲ್‌ನಲ್ಲೇ ಕೂತಿದ್ದೆ. ಅಡುಗೆಮನೆಯಲ್ಲಿ ಅತ್ತೆ ಇದ್ದರು. ಡಾಕ್ಟರ್ "ಹೇಗಿದ್ದೀರಿ?" ಅಂದ್ರೆ "ಚೆನ್ನಾಗಿದ್ದೀನಿ" ಅಂದುಬಿಟ್ಟೆ. ಅರ್ಧ ಗಂಟೆ ಸುಮ್ನೆ ಹೋಯ್ತು. ಮುಂದಿನ ಸಲ ಮಹಡಿ ಮೇಲೆ, ನೀರಿನ ಟ್ಯಾಂಕ್ ಪಕ್ಕ ಕೂತೆ. ಇಯರ್‌ಫೋನ್ ಹಾಕಿಕೊಂಡೆ. ಆಗ ಅಳುವೂ ಬಂತು, ಮಾತೂ ಬಂತು.

ಹಿಂದಿನ ರಾತ್ರಿ ಒಂದು ಹಾಳೆಯಲ್ಲಿ ಬರೆದಿಡಿ. ಯಾವಾಗಿಂದ ಹೀಗಾಗ್ತಿದೆ, ನಿದ್ದೆ ಎಷ್ಟು ಗಂಟೆ, ಊಟ ಸೇರ್ತಿದೆಯಾ. ಬಿಪಿ, ಥೈರಾಯ್ಡ್ ಮಾತ್ರೆ ಏನೇ ತಗೊಳ್ತಿದ್ರೂ ಸ್ಟ್ರಿಪ್ ಕೈಗೆ ಸಿಗೋ ಹಾಗೆ ಇಟ್ಕೊಳ್ಳಿ. ಹೆಸರು ನೆನಪಾಗದಿದ್ರೆ ಕ್ಯಾಮೆರಾಗೆ ಹಿಡಿದು ತೋರಿಸಬಹುದು.

ಫೋನ್ ಚಾರ್ಜ್ ಮಾಡಿಡಿ. ಕಾಲ್ ಕಟ್ ಆದ್ರೆ ಯಾವ ನಂಬರಿಗೆ ಮಾಡಬೇಕು ಅಂತ ಶುರುವಲ್ಲೇ ಹೇಳಿಬಿಡಿ. ಕನ್ನಡದಲ್ಲೇ ಮಾತಾಡಬೇಕು ಅಂದ್ರೆ ಬುಕ್ ಮಾಡುವಾಗಲೇ ಕೇಳಿ. ಸಂಕೋಚ ಬೇಡ. ಮನಸ್ಸಿನ ನೋವು ನಮ್ಮ ಭಾಷೆಯಲ್ಲಿ ಹೇಳಿದ್ರೇನೇ ಸರಿಯಾಗಿ ಹೊರಗೆ ಬರೋದು, ಅಲ್ವಾ?

ಅಪಾಯಿಂಟ್‌ಮೆಂಟ್ ತನಕ ಕಾಯೋಕೆ ಆಗ್ತಿಲ್ಲ, ಬದುಕೇ ಬೇಡ ಅನ್ನಿಸ್ತಿದೆ ಅಂದ್ರೆ ದಯವಿಟ್ಟು ಕಾಯಬೇಡಿ. ಪಕ್ಕದಲ್ಲಿರೋರಿಗೆ ಹೇಳಿ, ತಕ್ಷಣ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೂ ಮಾತಾಡ್ತಾರೆ.