ತುದಿಯಿಂದ ನೋಡಲು ಕಲಿತೆ

ಮಾಲ್ಟಾದಲ್ಲಿ ಕೆಲಸಕ್ಕಿರುವ ನನಗೆ ಡೈವಿಂಗ್ ಮಾಡುವ ಗೆಳೆಯನೊಬ್ಬ ಸುಮಾರು 20 ಮೀಟರ್ ಆಳದಿಂದ ಒಂದು ಡಬ್ಬಿ ಮರಳು ತಂದುಕೊಟ್ಟ. ಪೊಸಿಡೋನಿಯಾ ಅನ್ನುವ ಕಡಲಹುಲ್ಲು ಬೆಳೆದ ಜಾಗದ ಅಂಚಿನದು. ಬರಿಗಣ್ಣಿಗೆ ಬರೀ ರವೆ. ಲೆನ್ಸ್ ಹಿಡಿದಾಗ ಅದರಲ್ಲಿ ಅರ್ಧಕ್ಕರ್ಧ ಬಸವನಹುಳುವಿನ ಚಿಪ್ಪುಗಳೇ ಎಂದು ತಿಳಿದು ಮೈ ಜುಮ್ಮೆಂದಿತು.

ಸಿಹಿನೀರಿನಲ್ಲಿ ನಾಲ್ಕು ಸಲ ತೊಳೆದು ಉಪ್ಪು ಬಿಡಿಸಿ, ನೆರಳಲ್ಲಿ ಒಣಗಿಸಿ, 2, 1 ಮತ್ತು 0.5 ಮಿಲಿಮೀಟರ್ ಜರಡಿಗಳಲ್ಲಿ ಜಾಲಿಸಿದೆ. ಕಪ್ಪು ತಟ್ಟೆಯ ಮೇಲೆ ಚಿಟಿಕೆಯಷ್ಟು ಹರಡಿ, ಒದ್ದೆ ಕುಂಚದ ತುದಿಯಿಂದ ಒಂದೊಂದೇ ಎತ್ತುತ್ತೇನೆ. ಇಕ್ಕಳ ಬೇಡವೇ ಬೇಡ, ಒತ್ತಿದರೆ ಪುಡಿ. ಅಕ್ಕಿ ಆರಿಸಿ ರೂಢಿಯಿರುವ ಕೈಗೆ ಇದು ಬೇಗ ಒಗ್ಗುತ್ತದೆ.

ಕೆಲವು ಕುಲಗಳನ್ನು ಗುರುತಿಸುವುದು ಸುಲಭ. ಟ್ರೈಕೋಲಿಯಾ ನುಣ್ಣಗೆ ಹೊಳೆಯುತ್ತದೆ, ಮೈಮೇಲೆ ಬಣ್ಣದ ಚಿತ್ತಾರ. ಸೀಕಮ್ ಸುರುಳಿಯೇ ಅಲ್ಲ, ಬಾಗಿದ ಕೊಳವೆಯ ತುಂಡು. ಮರಿಯಾಗಿದ್ದಾಗಿನ ಸುರುಳಿಯನ್ನು ಅದು ಉದುರಿಸಿಬಿಡುತ್ತದೆ.

ನಾನು ಎಡವಿದ್ದು ಉದ್ದನೆಯ, ಮಣಿ ಪೋಣಿಸಿದಂತಿರುವ ಚಿಪ್ಪುಗಳಲ್ಲಿ. ಎಡಸುರುಳಿಯಾಗಿ ಕಂಡವನ್ನೆಲ್ಲ ಮಾರ್ಷಲ್ಲೋರಾ ಎಂದು ಚೀಟಿ ಅಂಟಿಸಿದೆ, ಏಕೆಂದರೆ ಅದರ ಕುಟುಂಬಕ್ಕೆ ಎಡಸುರುಳಿಯೇ ಸಹಜ. ಒಂದು ವಾರದ ಮೇಲೆ ಬಿಟ್ಟಿಯಮ್ ಅನ್ನುವ ಇನ್ನೊಂದು ಕುಲದ ಚಿಪ್ಪು ತೆಗೆದು ನೋಡಿದರೆ ಅದೂ ಎಡಸುರುಳಿ! ಬಿಟ್ಟಿಯಮ್ ಸುತ್ತುವುದು ಬಲಕ್ಕೆ. ಆಗ ಗೊತ್ತಾಯಿತು, ನಾನು ಚಿಪ್ಪು ನೋಡುತ್ತಿದ್ದ ಕ್ಯಾಮೆರಾದ ಸಾಫ್ಟ್‌ವೇರ್ ಚಿತ್ರವನ್ನು ಕನ್ನಡಿಯಂತೆ ತಿರುವಿ ತೋರಿಸುತ್ತಿತ್ತು. ಮಾರ್ಷಲ್ಲೋರಾ ಅಂದುಕೊಂಡದ್ದರಲ್ಲಿ ಬಹುಪಾಲು ಬಲಕ್ಕೆ ಸುತ್ತುವ ಸೆರಿಥಿಯಾಪ್ಸಿಸ್. ಎಲ್ಲ ಚೀಟಿಗಳನ್ನೂ ಕಿತ್ತು ಮೊದಲಿಂದ ಶುರುಮಾಡಿದೆ. ಈಗ ತುದಿ ಮೇಲೆ, ಬಾಯಿ ನನ್ನ ಕಡೆ ಬರುವಂತೆ ಇಟ್ಟು ನೇರ ಕಣ್ಣಲ್ಲೇ ನೋಡುತ್ತೇನೆ. ಬಾಯಿ ಬಲಕ್ಕಿದ್ದರೆ ಬಲಸುರುಳಿ. ನಮ್ಮ ಪೂಜೆಯ ಬಲಮುರಿ ಶಂಖ ಈ ಲೆಕ್ಕದಲ್ಲಿ ಎಡಸುರುಳಿ, ಅದನ್ನು ನಾವು ತುದಿ ಕೆಳಗೆ ಮಾಡಿ ಹಿಡಿಯುತ್ತೇವಲ್ಲ, ಅದಕ್ಕೆ.

ಆ ತಪ್ಪಿನ ನಂತರವೇ ತುದಿಯ ಬೆಲೆ ಗೊತ್ತಾದದ್ದು. ಬಸವನಹುಳು ಮರಿಯಾಗಿದ್ದಾಗ ಕಟ್ಟಿಕೊಂಡ ಚಿಪ್ಪು ಅಲ್ಲೇ ಉಳಿದಿರುತ್ತದೆ. ತುದಿ ಚೂಪಾಗಿ, ಸಣ್ಣ ಸುತ್ತುಗಳು ಹೆಚ್ಚಿದ್ದರೆ ಮರಿ ಬಹುಕಾಲ ನೀರಲ್ಲಿ ತೇಲುತ್ತ, ತಿನ್ನುತ್ತ ಬೆಳೆದದ್ದು. ಮೊಂಡಾಗಿ ಒಂದೆರಡೇ ಸುತ್ತಿದ್ದರೆ ಮೊಟ್ಟೆಯೊಳಗಿನ ಆಹಾರದಲ್ಲೇ ಬೆಳೆದದ್ದು. ಆಲ್ವಾನಿಯಾ ಕುಲದಲ್ಲಿ ಮೈಮೇಲಿನ ಜಾಲರಿ ಒಂದೇ ತರಹ ಕಂಡರೂ ತುದಿ ಬೇರೆಯಿರುವ ಪ್ರಭೇದಗಳಿವೆ. ಟರ್ಬೊನಿಲ್ಲಾದ ತುದಿಯಂತೂ ಅಡ್ಡ ಮಲಗಿರುತ್ತದೆ, ಬಟ್ಟಲಲ್ಲಿ ಕೂತ ಹನಿಯ ಹಾಗೆ. ಅದನ್ನು ಮೊದಲ ಸಲ ಕಂಡ ರಾತ್ರಿ ನಿದ್ದೆ ಬರಲಿಲ್ಲ.

ಗಾಜಿನ ಶೀಷೆಗಳಲ್ಲೇ ಇಡುತ್ತೇನೆ. ಮರದ ಪೆಟ್ಟಿಗೆ ಹೊರಸೂಸುವ ಆಮ್ಲದ ಹಬೆಗೆ ಚಿಪ್ಪು ಬಿಳಿ ಪುಡಿಗಟ್ಟುತ್ತದೆ. ತುದಿ ಸವೆದ ಹನ್ನೊಂದು ಚಿಪ್ಪುಗಳಿಗೆ ‘ಆಲ್ವಾನಿಯಾ’ ಅಂತಷ್ಟೇ ಬರೆದು, ಪ್ರಭೇದದ ಜಾಗ ಖಾಲಿ ಬಿಟ್ಟಿದ್ದೇನೆ.