ಐದೂಕಾಲು ಇಂಚಿನ ತೂತಿಗೆ ಆರೂವರೆ ಇಂಚಿನ ಸ್ಪೀಕರ್

ನನ್ನ ಕಾರಿಗೆ ಹತ್ತು ವರ್ಷ ತುಂಬಿತ್ತು. ಮುಂದಿನ ಬಾಗಿಲುಗಳ ಸ್ಪೀಕರ್ ಕೋನ್ ಅಂಚಿನಲ್ಲಿ ಹರಿದಿತ್ತು. ಅಪ್ಪಾಜಿಗೆ ಹಿಂದುಸ್ತಾನಿ ಸಂಗೀತ ಅಂದ್ರೆ ಪ್ರಾಣ. ದಾವಣಗೆರೆಯಿಂದ ಚಿತ್ರದುರ್ಗಕ್ಕೆ, ಅಕ್ಕನ ಮನೆಗೆ ಹೋಗುವಾಗ ದಾರಿಯುದ್ದಕ್ಕೂ ಕೇಳುತ್ತಾರೆ. ತಬಲಾ ಜೋಡಿಯ ದೊಡ್ಡದು, ಡಗ್ಗಾ, ಗುಂ ಅನ್ನುವ ಕಡೆಯಲ್ಲೆಲ್ಲ ಪರಪರ ಸದ್ದು ಬರುತ್ತಿತ್ತು.

ಹಳೇ ಸ್ಪೀಕರ್ ಐದೂಕಾಲು ಇಂಚಿನದು. ಹೇಗೂ ಬದಲಾಯಿಸುವುದಾದರೆ ಆರೂವರೆ ಇಂಚಿನದೇ ಇರಲಿ ಅಂದುಕೊಂಡೆ. ಅಗಲ ಒಂದೂಕಾಲು ಇಂಚು ಮಾತ್ರ ಜಾಸ್ತಿ. ಆದರೆ ಗಾಳಿ ತಳ್ಳುವ ಕೋನ್ ವಿಸ್ತೀರ್ಣ ಸುಮಾರು ಒಂದೂವರೆ ಪಟ್ಟು ಆಗುತ್ತದೆ. ಡಗ್ಗಾಕ್ಕೆ ಬೇಕಾದದ್ದು ಅದೇ.

ಒಂದು ಅಂಗಡಿಯಲ್ಲಿ ವಿಚಾರಿಸಿದೆ. ಬಾಗಿಲಿನ ತಗಡನ್ನೇ ಗ್ರೈಂಡರ್‌ನಲ್ಲಿ ಕೊಯ್ದು ಕೂರಿಸಿಕೊಡುತ್ತೇವೆ ಅಂದರು. ನನಗೆ ಮನಸ್ಸು ಒಪ್ಪಲಿಲ್ಲ. ಕೊಯ್ದ ಅಂಚಿಗೆ ಬಣ್ಣ ಇರುವುದಿಲ್ಲ, ತುಕ್ಕು ಅಲ್ಲಿಂದಲೇ ಶುರು. ಕಬ್ಬಿಣದ ಪುಡಿ ಬಾಗಿಲೊಳಗೆ ಬಿದ್ದರೆ ಸ್ಪೀಕರ್ ಮ್ಯಾಗ್ನೆಟ್ ಅದನ್ನು ಎಳೆದುಕೊಳ್ಳುತ್ತದೆ. ಒಮ್ಮೆ ಕೊಯ್ದ ಮೇಲೆ ಹಳೇ ಅಳತೆಗೆ ಮರಳುವಂತೆಯೂ ಇಲ್ಲ. ಒಂದು ಭಾನುವಾರ ನಾನೇ ಕೈ ಹಾಕಿದೆ.

ಮೊದಲು ಬ್ಯಾಟರಿಯ ಮೈನಸ್ ತಂತಿ ಬಿಚ್ಚಿದೆ. ಆಮೇಲೆ ಬಾಗಿಲಿನ ಒಳಹೊದಿಕೆ, ಅಂದರೆ ಡೋರ್ ಪ್ಯಾಡ್, ತೆಗೆದೆ. ಒಳಗಿನ ಹಿಡಿಕೆಯ ಹಿಂದೆ ಒಂದು ಸ್ಕ್ರೂ, ಕೈ ಇಡುವ ಜಾಗದಲ್ಲಿ ಇನ್ನೊಂದು. ಉಳಿದದ್ದೆಲ್ಲ ಕ್ಲಿಪ್. ಮೊದಲೇ ಅರ್ಧ ಡಜನ್ ಕ್ಲಿಪ್ ತಂದಿಟ್ಟುಕೊಳ್ಳಿ, ಒಂದೆರಡು ಮುರಿದೇ ಮುರಿಯುತ್ತವೆ. ಹಳೇ ಸ್ಪೀಕರ್ ರಿವೆಟ್ ಹೊಡೆದು ಕೂರಿಸಿದ್ದು. ಗ್ಲಾಸ್ ಪೂರ್ತಿ ಮೇಲೆತ್ತಿ, ಆಮೇಲೆ ರಿವೆಟ್ ತಲೆಯನ್ನು ಡ್ರಿಲ್‌ನಿಂದ ತೆಗೆದೆ.

ಈ ಕೆಲಸದಲ್ಲಿ ಅಳತೆಯೇ ಮುಕ್ಕಾಲು ಪಾಲು. ಗ್ಲಾಸ್ ಪೂರ್ತಿ ಕೆಳಗಿಳಿಸಿ, ತಗಡಿನಿಂದ ಗ್ಲಾಸಿನವರೆಗೆ ಅಳೆದೆ. 57 ಮಿಲಿಮೀಟರ್ ಬಂತು. ಹೊಸ ಸ್ಪೀಕರಿನ ಆಳ 63. ಹಾಗೇ ಕೂರಿಸಿದ್ದರೆ ಗ್ಲಾಸ್ ಇಳಿಸಿದ ದಿನವೇ ಮ್ಯಾಗ್ನೆಟ್‌ಗೆ ತಗುಲುತ್ತಿತ್ತು. ಸ್ಪೀಕರನ್ನು 18 ಮಿಲಿಮೀಟರ್ ದಪ್ಪದ ಮರದ ರಿಂಗ್ ಮೇಲೆ ಈಚೆಗೆ ತಂದರೆ 75 ಸಿಗುತ್ತದೆ, 12 ಉಳಿಯುತ್ತದೆ. ಇದರಿಂದ ಇನ್ನೊಂದು ಲಾಭವೂ ಆಯಿತು. ಸ್ಪೀಕರಿನ ಚೌಕಟ್ಟು ಬಟ್ಟಲಿನ ಹಾಗೆ, ಕೆಳಗೆ ಹೋದಂತೆ ಕಿರಿದಾಗುತ್ತದೆ. ಅದರ ಅಗಲ ಅಂಚಿನಲ್ಲಿ 142 ಇದ್ದದ್ದು 18 ಮಿಲಿಮೀಟರ್ ಕೆಳಗೆ 120 ಆಗಿತ್ತು. ತಗಡಿನ ತೂತು 130. ಕೊಯ್ಯದೆಯೇ ಒಳಗೆ ಹೋಯಿತು!

ರಿಂಗ್ ಮಾಡಿಸಲು ನಮ್ಮ ಓಣಿಯ ಬಡಗಿ ಹತ್ತಿರ ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ ಹಲಗೆ) ತುಂಡು ಒಯ್ದೆ. ಅದನ್ನು ನೋಡಿದ ಕೂಡಲೇ ಅವರು, "ಇದು ನೀರು ಕುಡಿದ್ರೆ ಉಬ್ತೈತ್ರಿ, ಪ್ಲೈವುಡ್ ಹಾಕ್ರಿ" ಅಂದರು. ಅವರ ಮಾತು ನೂರಕ್ಕೆ ನೂರು ನಿಜ. ಗ್ಲಾಸಿನ ಅಂಚಿನಿಂದ ಮಳೆನೀರು ಬಾಗಿಲೊಳಗೆ ಇಳಿಯುತ್ತಲೇ ಇರುತ್ತದೆ, ತಳದ ಸಣ್ಣ ತೂತುಗಳಿಂದ ಹೊರಗೆ ಹೋಗುತ್ತದೆ. ಮರೈನ್ ಪ್ಲೈವುಡ್‌ನಲ್ಲೇ ಎರಡು ರಿಂಗ್ ಕೊಯ್ದುಕೊಟ್ಟರು. ಒಳಗಿನ ಅಗಲ 142, ಹೊರಗಿನದು 170. ಅಂಚು ಬಿಡದೆ ಮೂರು ಕೋಟ್ ಪೇಂಟ್ ಹೊಡೆದೆ.

ಈಚೆಗೆ ತಂದಾಗ ಡೋರ್ ಪ್ಯಾಡಿನ ಜಾಲರಿಗೆ ತಾಗಬಾರದು ಅಲ್ವಾ? ಅದಕ್ಕೆ ಮನೆಯಿಂದ ಚಪಾತಿ ಹಿಟ್ಟಿನ ಉಂಡೆ ತಂದೆ. ತೆಳು ಪ್ಲಾಸ್ಟಿಕ್ ಸುತ್ತಿ ಸ್ಪೀಕರಿನ ನಡುವಿನ ಟ್ವೀಟರ್ (ತಾರಕ ಸದ್ದಿನ ಪುಟ್ಟ ಸ್ಪೀಕರ್) ಮೇಲಿಟ್ಟು ಪ್ಯಾಡ್ ಒತ್ತಿ ತೆಗೆದೆ. ಹಿಟ್ಟು 5 ಮಿಲಿಮೀಟರ್ ದಪ್ಪ ಉಳಿದಿತ್ತು. ಸಾಕು. ಇದೇ ಹಿಟ್ಟನ್ನು ಮ್ಯಾಗ್ನೆಟ್ ಬೆನ್ನಿಗೂ ಇಟ್ಟು ಗ್ಲಾಸ್ ಇಳಿಸಿ ನೋಡಿದೆ.

ರಿಂಗ್ ಮತ್ತು ತಗಡಿನ ನಡುವೆ ಫೋಮ್ ಪಟ್ಟಿ ಅಂಟಿಸಿದೆ. ಇದನ್ನು ಬಿಟ್ಟರೆ ದೊಡ್ಡ ಸ್ಪೀಕರ್ ಹಾಕಿಯೂ ಪ್ರಯೋಜನ ಇಲ್ಲ. ಕೋನ್ ಮುಂದೆ ತಳ್ಳಿದ ಗಾಳಿಯೂ ಹಿಂದಿನ ಗಾಳಿಯೂ ಸಂದಿಯಲ್ಲಿ ಸೇರಿಕೊಂಡರೆ ಬೇಸ್ ಅಲ್ಲೇ ಸತ್ತುಹೋಗುತ್ತದೆ. ಹೊರತಗಡಿನ ಒಳಮೈಗೆ, ಅದರ ನಡುಕ ತಗ್ಗಿಸುವ ಡ್ಯಾಂಪಿಂಗ್ ಶೀಟ್ ಹಾಕಿ ರೋಲರ್‌ನಿಂದ ಒತ್ತಿದೆ. ಬಿಸಿಲಿಗೆ ತಗಡು ಬೆಚ್ಚಗಾಗಿತ್ತು, ಚೆನ್ನಾಗಿ ಹಿಡಿಯಿತು. ತಳದ ನೀರಿನ ತೂತು ಮಾತ್ರ ಮುಚ್ಚಬೇಡಿ. ಪ್ಯಾಡ್ ಹಿಂದಿನ ಪ್ಲಾಸ್ಟಿಕ್ ಹಾಳೆಯನ್ನೂ ಮೊದಲಿನ ಹಾಗೇ ಅಂಟಿಸಿ.

ವೈರ್ ಕತ್ತರಿಸಲಿಲ್ಲ, ಕಾರಿಗೆ ಹೊಂದುವ ಕಪ್ಲರ್ ಸಿಗುತ್ತದೆ. ಹಾಕಿ ಕೇಳಿದರೆ ಬೇಸ್ ಹಳೇ ಸ್ಪೀಕರಿಗಿಂತಲೂ ಕಡಿಮೆ! ಬ್ಯಾಲೆನ್ಸ್ ಒಂದೇ ಬದಿಗೆ ತಿರುಗಿಸಿದರೆ ಸರಿ ಇದೆ, ಎರಡೂ ಸೇರಿದರೆ ತೆಳು. ಆಗ ಹೊಳೆಯಿತು. ಎಡಗಡೆ ಪ್ಲಸ್ ಮೈನಸ್ ಅದಲುಬದಲಾಗಿತ್ತು. ಒಂದು ಕೋನ್ ಮುಂದೆ ಬಂದರೆ ಇನ್ನೊಂದು ಹಿಂದೆ ಹೋಗುತ್ತಿತ್ತು. ಸ್ಟೀರಿಯೊ ಕಡೆಯ ವೈರ್ ಬಿಚ್ಚಿ, ಒಂದೂವರೆ ವೋಲ್ಟ್ ಸೆಲ್ ಅನ್ನು ವೈರಿಗೆ ಕ್ಷಣಮಾತ್ರ ತಾಗಿಸಿ ನೋಡಿದೆ. ಪ್ಲಸ್‌ಗೆ ಪ್ಲಸ್ ತಾಗಿದಾಗ ಕೋನ್ ಮುಂದೆ ಬರಬೇಕು. ಪ್ಯಾಡ್ ಮುಚ್ಚುವ ಮೊದಲೇ ಇದನ್ನು ಮಾಡಿಕೊಂಡಿದ್ದರೆ ಒಂದು ಗಂಟೆ ಉಳಿಯುತ್ತಿತ್ತು.

ಸ್ಪೀಕರ್ ಕೊಳ್ಳುವಾಗ ಡಬ್ಬದ ಮೇಲಿನ ದೊಡ್ಡ ವ್ಯಾಟ್ ಅಂಕಿಗೆ ಮರುಳಾಗಬೇಡಿ. ಬೇರೆ ಆಂಪ್ಲಿಫೈಯರ್ ಇಲ್ಲದಿದ್ದರೆ ಸೆನ್ಸಿಟಿವಿಟಿ, ಅಂದರೆ ಕೊಟ್ಟ ಪವರ್‌ಗೆ ಎಷ್ಟು ಜೋರಾಗಿ ಹಾಡುತ್ತದೆ ಅನ್ನುವ ಅಂಕಿ, ನೋಡಿ. 89 ಡೆಸಿಬೆಲ್ ಸ್ಪೀಕರಿಗೆ ಹೋಲಿಸಿದರೆ 92ರದ್ದು ಅರ್ಧ ಪವರ್‌ನಲ್ಲೇ ಅಷ್ಟೇ ಜೋರಾಗಿ ಹಾಡುತ್ತದೆ. ಓಮ್ ಅಂದರೆ ಸ್ಪೀಕರ್ ವಿದ್ಯುತ್ತಿಗೆ ಒಡ್ಡುವ ತಡೆಯ ಅಳತೆ; ಸ್ಟೀರಿಯೊ 4 ಓಮ್ ಕೇಳಿದರೆ 4 ಓಮ್‌ದೇ ಹಾಕಿ.

ಮುಂದಿನ ವಾರ ಚಿತ್ರದುರ್ಗಕ್ಕೆ ಹೊರಟೆವು. ಆನಗೋಡು ದಾಟುವವರೆಗೂ ಅಪ್ಪಾಜಿ ಏನೂ ಮಾತಾಡಲಿಲ್ಲ. ಆಮೇಲೆ ತೊಡೆಯ ಮೇಲೆ ಬೆರಳಲ್ಲಿ ತಾಳ ಹಾಕಲು ಶುರು ಮಾಡಿದರು. ಡಗ್ಗಾದ ಮೇಲೆ ಅಂಗೈ ಜಾರುವ ಆ ಗುಂಯ್ ಸದ್ದು ಬಂದಾಗ ನನ್ನ ಕಡೆ ತಿರುಗಿ, "ಈಗ ಕೇಳಿಸ್ತು ನೋಡಪ್ಪ" ಅಂದರು.

ಮಳೆಗಾಲ ಶುರುವಾದ ಮೇಲೆ ಪ್ಯಾಡ್ ತೆಗೆದು ನೋಡಿದೆ. ರಿಂಗ್ ಉಬ್ಬಿರಲಿಲ್ಲ. ಬಲಗಡೆ ಒಂದು ಸ್ಕ್ರೂ ಸಡಿಲವಾಗಿತ್ತು, ಬಿಗಿ ಮಾಡಿ ಮುಚ್ಚಿದೆ.