ಬ್ಯಾಕ್‌ಗ್ರೌಂಡ್ ಮೊದಲು, ಕ್ಯಾರೆಕ್ಟರ್ ಆಮೇಲೆ: ನನ್ನ ಅನುಭವ

ಡೀವಿಯಂಟ್‌ಆರ್ಟ್‌ನ ಆರ್ಟ್ ಆರ್‌ಪಿಜಿ ಗುಂಪುಗಳಲ್ಲಿ, ಅಂದರೆ ಸ್ವಂತ ಕಾಲ್ಪನಿಕ ಪ್ರಾಣಿಯ ಚಿತ್ರ ಬರೆದು ಅಂಕ ಗಳಿಸುತ್ತ ಆಡುವ ಆಟದ ಗುಂಪುಗಳಲ್ಲಿ, ಕ್ಯಾರೆಕ್ಟರ್ ಇಟ್ಟುಕೊಂಡವರಿಗೆಲ್ಲ ಈ ಗೋಳು ಗೊತ್ತು. ತಲೆಯಿಂದ ಬಾಲದವರೆಗೆ ಮೈಮುರಿದು ಬರೆದಿರುತ್ತೀರಿ, ಬ್ಯಾಕ್‌ಗ್ರೌಂಡ್ ಪೂರ್ಣ ಅಂತ ಒಪ್ಪದಿದ್ದರೆ ಅಂಕ ಕಡಿತ. ಬೇಟೆ, ತರಬೇತಿ ಇಂಥ ಚಟುವಟಿಕೆಯ ಚಿತ್ರವಾದರೆ ಪೂರ್ತಿ ವಾಪಸ್. ಒಂದೊಂದು ಗುಂಪಿಗೆ ಒಂದೊಂದು ನಿಯಮ, ಆದರೆ ತಿರುಳು ಹೆಚ್ಚುಕಮ್ಮಿ ಒಂದೇ: ಮೂಲೆಯಿಂದ ಮೂಲೆಗೆ ತುಂಬಿರಬೇಕು, ನೆಲ ಕಾಣಬೇಕು, ಹತ್ತಿರ ದೂರ ಗೊತ್ತಾಗಬೇಕು, ಕಾಲಡಿ ನೆರಳು ಬೇಕು, ಎಲ್ಲ ಕೈಯಿಂದ ಬರೆದದ್ದಾಗಿರಬೇಕು. ಗ್ರೇಡಿಯೆಂಟ್ ಎಳೆದು ನಾಲ್ಕು ಹುಲ್ಲಿನ ಗೀಟು ಹಾಕಿದರೆ ನಡೆಯುವುದಿಲ್ಲ. ಮಸುಕು ಮಾಡಿದ ಫೋಟೊ ಅಂತೂ ಇಲ್ಲವೇ ಇಲ್ಲ.

ಬ್ಯಾಕ್‌ಗ್ರೌಂಡನ್ನೇ ಮೊದಲು ಮುಗಿಸಿ, ಅದರೊಳಗೆ ಕ್ಯಾರೆಕ್ಟರ್ ಇಳಿಸುತ್ತೇನೆ ಅಂದಾಗ ನಮ್ಮ ಬಳಗದವರು ನಕ್ಕರು. 'ಜನ ನೋಡೂದು ನಿನ್ನ ಪ್ರಾಣಿ ಮಾರಾಯಾ, ಹಿಂದಿನ ಗಿಡ ಅಲ್ಲ. ಮೊದಲೇ ಗಿಡ ಬರೆದ್ರೆ ಪ್ರಾಣಿ ಅದರೊಳಗೇ ಮುಳುಗಿ ಹೋಗ್ತು' ಅಂದ ಒಬ್ಬ. ಈಗ ಅವನೇ ನನ್ನ ಫೈಲು ಕೇಳುತ್ತಾನೆ. ವರ್ಷದ ಮೇಲಾಯಿತು, ಬ್ಯಾಕ್‌ಗ್ರೌಂಡ್ ಕಾರಣಕ್ಕೆ ನನ್ನ ಚಿತ್ರ ಒಂದೂ ವಾಪಸ್ ಬಂದಿಲ್ಲ.

ಅದಕ್ಕೂ ಮೊದಲು ಕಳೆದ ದುಡ್ಡು, ಹೊತ್ತು ಕಡಿಮೆಯದಲ್ಲ. ಎಲ್ಲರ ಹಾಗೆ ಕ್ಯಾರೆಕ್ಟರ್ ಮುಗಿಸಿ, ಉಳಿದ ಜಾಗ ತುಂಬುತ್ತಿದ್ದೆ. ಕೈ ರೂಢಿಯಿಂದ ಬೆಳಕು ಯಾವಾಗಲೂ ಎಡಗಡೆಯಿಂದ. ಆಮೇಲೆ ಹಿಂದೆ ಸೂರ್ಯಾಸ್ತ ಹಾಕಬೇಕು ಅನಿಸುತ್ತಿತ್ತು, ಬೆನ್ನ ಹಿಂದೆ ಸೂರ್ಯ, ಎದೆ ಮೇಲೆ ಟ್ಯೂಬ್‌ಲೈಟ್! ಅದನ್ನು ತಿದ್ದಲು ಕೆಳಗಿನ ಬಣ್ಣ ಗಾಢ ಮಾಡುವ ಮಲ್ಟಿಪ್ಲೈ ಲೇಯರ್ ಮೇಲೆ ಲೇಯರ್ ಹಾಕಿ ಬಣ್ಣವೆಲ್ಲ ಕೆಸರು. ಆಮೇಲೆ ಬ್ರಷ್ ಪ್ಯಾಕುಗಳ ಹುಚ್ಚು. ಮರದ ಬ್ರಷ್, ಮೋಡದ ಬ್ರಷ್, ಕಲ್ಲಿನ ಬ್ರಷ್ ಅಂತ ಸುಮಾರು ಮೂರು ಸಾವಿರ ರೂಪಾಯಿ ಸುರಿದೆ. ಅದೇ ಪ್ಯಾಕು ಉಳಿದವರ ಹತ್ತಿರವೂ ಇದ್ದುದರಿಂದ ನಾಲ್ಕು ಜನರ ಕಾಡಲ್ಲಿ ಒಂದೇ ಮರ. ಪರಿಶೀಲಿಸುವವರಿಗೆ ಕಣ್ಣು ಇರುವುದಿಲ್ಲವೇ? 'ಸ್ಟ್ಯಾಂಪ್ ಹೆಚ್ಚಾಯಿತು' ಅಂತ ಚೀಟಿ ಬಂತು.

ಬ್ಲೆಂಡರ್ ಅನ್ನುವ 3ಡಿ ತಂತ್ರಾಂಶದಲ್ಲಿ ಬಂಡೆ, ಗುಡ್ಡದ ಮಾಡೆಲ್ ಕೂರಿಸಿ ಅದರ ಮೇಲೆ ಬಣ್ಣ ಬಿಡುವುದೂ ಆಯಿತು. ಹಳೇ ಲ್ಯಾಪ್‌ಟಾಪು ಫ್ಯಾನ್ ಹೊಡೆದುಕೊಂಡು ಒದ್ದಾಡಿತು. ಮೇಲಾಗಿ ನಮ್ಮ ಗುಂಪಿನಲ್ಲಿ ಮಾಡೆಲ್ ಕೆಳಗಿದ್ದರೆ ಅದು ಪೂರ್ತಿ ಮುಚ್ಚುವ ಹಾಗೆ ಬಣ್ಣ ಹಚ್ಚಬೇಕು. ಪೂರ್ತಿ ಹಚ್ಚುವುದೇ ಆದರೆ ಮಾಡೆಲ್ ಯಾಕೆ? ಬಿಟ್ಟೆ. ಕಟ್ಟಡ, ಓಣಿ ಬರೆಯುವವರಿಗೆ ಅದು ಒಳ್ಳೆಯದೇ. ನನ್ನದು ಕಾಡು, ಬಂಡೆ, ತೋಟ.

ದಾರಿ ಹೊಳೆದದ್ದು ಕಂಪನಿ ನಾಟಕದ ಪರದೆಗಳಿಂದ. ಒಂದು ಕಾಡಿನ ಪರದೆ, ಒಂದು ಬೀದಿ ಪರದೆ, ಒಂದು ದರ್ಬಾರಿನದು. ಅಷ್ಟರಲ್ಲೇ ಎಷ್ಟು ನಾಟಕ ಬೇಕಾದರೂ ನಡೆಯುತ್ತಿತ್ತು. ನಾನೂ ನನ್ನ ಕೈಯಿಂದಲೇ ಬರೆದ ಪರದೆ ಇಟ್ಟುಕೊಂಡರೆ ಏನಾಗುತ್ತದೆ ಅಂತ ನೋಡಿದೆ. ಈಗ ಹತ್ತು ಹನ್ನೆರಡು ಇವೆ. ಪ್ರತಿಯೊಂದೂ ಕ್ರಿತಾ ಅನ್ನುವ ಚಿತ್ರ ಬರೆಯುವ ತಂತ್ರಾಂಶದಲ್ಲಿ, ಬರೀ ಬೂದು ಬಣ್ಣದಲ್ಲಿ, ಮೂರೇ ಮೂರು ಛಾಯೆಯಲ್ಲಿ: ದೂರದ್ದಕ್ಕೆ ತಿಳಿ, ನಡುವಿನದಕ್ಕೆ ಮಧ್ಯಮ, ಹತ್ತಿರದ್ದಕ್ಕೆ ಗಾಢ. ಮೂರೂ ಬೇರೆ ಬೇರೆ ಲೇಯರ್. ಬಣ್ಣ ಪ್ರತಿ ಸಲ ಹೊಸದು, ಹತ್ತಿರದ ಪದರವನ್ನೂ ಪ್ರತಿ ಸಲ ಹೊಸದಾಗಿಯೇ ಬರೆಯುತ್ತೇನೆ. ನಿಮ್ಮ ಗುಂಪಿನಲ್ಲಿ ಸ್ವಂತ ಬ್ಯಾಕ್‌ಗ್ರೌಂಡ್ ಮರುಬಳಕೆಗೂ ಮಿತಿ ಇದೆಯೇ ಅಂತ ಮೊದಲು ಓದಿಕೊಳ್ಳಿ.

ಪರದೆಗೆ ಸ್ಕೆಚ್ ಹೊರಗೆ ಕೂತೇ ಆಗಬೇಕು. ಶಿರಸಿ ಕಡೆಯ ಅಡಿಕೆ ತೋಟದಲ್ಲಿ ಮಳೆಗಾಲದ ಮಧ್ಯಾಹ್ನ ನೋಡಿ: ಹತ್ತಿರದ ಮರದ ಮೈಮೇಲಿನ ಉಂಗುರಗಳು ಎಣಿಸುವಷ್ಟು ಸ್ಪಷ್ಟ, ನಾಲ್ಕನೇ ಸಾಲಿನ ಹೊತ್ತಿಗೆ ಉಂಗುರ ಮಾಯವಾಗಿ ಬರೀ ಕಂಬ, ಅದರಾಚೆ ಬೂದು ಗೀಟು. ನೆಲದಿಂದ ಹಸಿರು ಬೆಳಕು ಮೇಲಕ್ಕೆ ಎದ್ದು ಪ್ರಾಣಿಯ ಹೊಟ್ಟೆಯಡಿ ಬಡಿಯುತ್ತದೆ. ಆ ಹಸಿರು ಬಿಟ್ಟರೆ ನಿಮ್ಮ ಕ್ಯಾರೆಕ್ಟರ್ ತೋಟದಲ್ಲಿ ಇಲ್ಲ ಅಂತಲೇ ಲೆಕ್ಕ. ಹಂಪಿಯಲ್ಲಿ ಸಂಜೆ ಹೊತ್ತು ಇದು ತಿರುಗಾಮುರುಗಾ, ಬಂಡೆ ಕಿತ್ತಳೆಗೆ ತಿರುಗಿ ನೆರಳು ನೇರಳೆಗೆ ಹೋಗುತ್ತದೆ. ಯಾಣದ ಕಪ್ಪು ಬಂಡೆ ಮಾತ್ರ ಕಷ್ಟ, ಗಾಢ ಬಣ್ಣದ ಕ್ಯಾರೆಕ್ಟರನ್ನು ನುಂಗಿಬಿಡುತ್ತದೆ. ಅಲ್ಲಿಗೆ ಬಿಳಿ, ಕೆನೆ ಬಣ್ಣದವನ್ನಷ್ಟೇ ಕಳಿಸುತ್ತೇನೆ. ಮಂಜು ಕಲಿಯಬೇಕು ಅಂದರೆ ಚಿತ್ರಕಾರ ಕೆ. ವೆಂಕಟಪ್ಪನವರ ಊಟಿಯ ಜಲವರ್ಣಗಳ ಮುಂದೆ ಒಂದು ಗಂಟೆ ನಿಲ್ಲಿ, ಹತ್ತು ಟ್ಯುಟೋರಿಯಲ್ ಉಳಿಯುತ್ತದೆ.

ಕ್ಯಾರೆಕ್ಟರ್ ಇಳಿಸುವಾಗ ಮೊದಲು ನೋಡುವುದು ದಿಗಂತದ ಗೆರೆ. ಅದು ಪ್ರಾಣಿಯ ಭುಜದ ಮಟ್ಟಕ್ಕೆ ಹಾದರೆ, ಅದೇ ಸಮನೆಲದಲ್ಲಿ ಅಷ್ಟೇ ಎತ್ತರದ ಇನ್ನೊಂದು ಪ್ರಾಣಿ ಎಷ್ಟು ದೂರ ನಿಂತರೂ ಅದರ ಭುಜಕ್ಕೇ ಹಾಯಬೇಕು. ಹಿಂಡು ಬರೆಯುವವರು ಮುಗ್ಗರಿಸುವುದು ಇಲ್ಲೇ. ಆಮೇಲೆ ಪಾದ ನೆಲಕ್ಕೆ ತಾಗುವ ಕಡೆ ತೆಳ್ಳಗೆ ಒಂದು ಕಡುನೆರಳು, ಅದರಾಚೆ ಹರಡಿದ ಮೆತ್ತನೆ ನೆರಳು, ಎರಡೂ ಬೇರೆ ಬೇರೆ. ಗೊರಸಿನ ಮುಂದೆ ಎರಡು ಹುಲ್ಲಿನೆಸಳು ಅಡ್ಡ ಬಂದರೆ ಅರ್ಧ ಕೆಲಸ ಆಯಿತು. ಕೊಂಬಿನ ತುದಿ ಹಿಂದಿನ ಗುಡ್ಡದ ಗೆರೆಗೆ ಸರಿಯಾಗಿ ತಾಗಿ ನಿಂತಿದ್ದರೆ ಕೊಂಬನ್ನು ದಾಟಿಸಿ, ಇಲ್ಲವೇ ಗುಡ್ಡವನ್ನು ಇಳಿಸಿ. ಕೊನೆಗೆ ಬಣ್ಣ ಹೋಗಿ ಬರೀ ಬೂದು ಛಾಯೆ ಉಳಿಯಲು ಮೇಲೊಂದು ಬಿಳಿ ಲೇಯರ್ ಕಲರ್ ಮೋಡ್‌ನಲ್ಲಿಟ್ಟು, ಚಿತ್ರವನ್ನು ಹೆಬ್ಬೆರಳಿನಷ್ಟು ಸಣ್ಣದು ಮಾಡಿ ನೋಡುತ್ತೇನೆ. ಆ ಬೂದು ಚುಕ್ಕೆಯಲ್ಲೂ ಪ್ರಾಣಿ ಕಂಡರೆ ಕಳಿಸಬಹುದು. ಮುಳುಗದಿರಲು ಕ್ಯಾರೆಕ್ಟರ್ ಸುತ್ತ ನಾನು ಇನ್ನೊಂದು ಕೆಲಸ ಮಾಡುತ್ತೇನೆ, ಅದನ್ನು ಸದ್ಯಕ್ಕೆ ಹೇಳುವುದಿಲ್ಲ. ಎಲೆಯ ಬ್ರಷ್ಷೂ ಅಷ್ಟೇ, ಕೇಳಬೇಡಿ.

ನಡುವೆ ಒಂದು ತಲೆಹರಟೆ: ಒಣಗಿದ ಅಡಿಕೆ ಹಾಳೆಯನ್ನು ಸ್ಕ್ಯಾನ್ ಮಾಡಿ ಬಂಡೆಯ ಮೈಗೆ ಹಾಕಿ ನೋಡಿದೆ. ಅದರ ಉದ್ದುದ್ದ ನಾರು, ಕಂದು ಕಲೆ, ಎಷ್ಟು ಚೆಂದ ಕೂತಿತು ಅಂದರೆ ನನಗೇ ಬೆರಗು. ಫೋಟೊ ಬಳಸಿದ್ದೀರಿ ಅಂತ ತಿರುಗಿ ಬಂತು. ಈಗ ಹಾಳೆಯನ್ನು ಮುಂದಿಟ್ಟುಕೊಂಡು ನೋಡಿ ಬರೆಯುತ್ತೇನೆ. ಸ್ಕ್ಯಾನಿಗಿಂತ ಅದೇ ಚೆನ್ನಾಗಿ ಬರುತ್ತಿದೆ, ಮೊಸರಲ್ಲಿ ಕಲ್ಲು ಹುಡುಕುವವರೂ ಒಪ್ಪಿದ್ದಾರೆ.

ಎಐ ಚಿತ್ರ ಅನ್ನುವ ಅನುಮಾನ ಈಗ ಎಲ್ಲರ ಮೇಲೂ. ಬ್ಯಾಕ್‌ಗ್ರೌಂಡ್ ಸ್ವಲ್ಪ ಚೆನ್ನಾಗಿದ್ದರೆ ಮೊದಲ ಪ್ರಶ್ನೆಯೇ ಅದು. ಒಮ್ಮೆ ನನ್ನನ್ನೂ ಕೇಳಿದರು. ಪದರದ ಫೈಲು, ಪೆನ್ಸಿಲ್ ಸ್ಕೆಚ್ಚಿನ ಫೋಟೊ ಎರಡೂ ಕಳಿಸಿದೆ, ಅದೇ ದಿನ ಒಪ್ಪಿಗೆ. ಬರೆಯುವುದನ್ನೆಲ್ಲ ದಾಖಲಿಸುವ ಕ್ರಿತಾದ ರೆಕಾರ್ಡರ್ ಯಾವಾಗಲೂ ಆನ್ ಇಟ್ಟಿರಿ, ಡಿಸ್ಕ್ ಜಾಗ ಹೋದರೆ ಹೋಗಲಿ.

ದುಡ್ಡಿನ ಮಾತು. ಬೇರೆಯವರ ಕ್ಯಾರೆಕ್ಟರನ್ನು ದುಡ್ಡಿಗೆ ಬರೆದುಕೊಡುವಾಗ ಮೊದಲು ಬ್ಯಾಕ್‌ಗ್ರೌಂಡಿಗೆ ಹತ್ತು ಡಾಲರ್ ಹೆಚ್ಚುವರಿ ಕೇಳಿ, ಎರಡು ದಿನ ಕೂರುತ್ತಿದ್ದೆ. ಕೂಲಿಯೂ ಗಿಟ್ಟುತ್ತಿರಲಿಲ್ಲ. ಈಗ ಇಪ್ಪತ್ತೈದರಿಂದ ಮೂವತ್ತು, ಕೆಲಸ ಮೂರು ನಾಲ್ಕು ಗಂಟೆಯದು. ಹೊರದೇಶದಿಂದ ಹಣ ತರಿಸುವಾಗ ಶುಲ್ಕ, ಡಾಲರ್ ಬದಲಾವಣೆಯ ವ್ಯತ್ಯಾಸ ಎಲ್ಲ ಸೇರಿ ನೂರಕ್ಕೆ ಏಳೆಂಟು ಹೋಗುತ್ತದೆ ಅಂತ ಹಿಡಿದೇ ದರ ಹೇಳಿ. ಟ್ಯಾಬ್ಲೆಟ್ ಈಗಲೂ ಹಳೆಯದೇ, ನಾಲ್ಕೂವರೆ ಸಾವಿರದ ಸುಮಾರಿನದು, ಸ್ಕ್ರೀನ್ ಇಲ್ಲದ್ದು. ಕ್ರಿತಾಕ್ಕೆ ಕಾಸಿಲ್ಲ.

ರಾತ್ರಿಯ ದೃಶ್ಯಕ್ಕೆ ಮಾತ್ರ ಈ ಪದ್ಧತಿ ಇನ್ನೂ ಪೂರ್ತಿ ಹೊಂದಿಲ್ಲ. ದೂರದ್ದು ತಿಳಿಯಾಗುವ ಲೆಕ್ಕ ಅಲ್ಲಿ ಕೈಕೊಡುತ್ತದೆ, ಹತ್ತಿರ ಬೆಂಕಿಯೋ ಲಾಟೀನೋ ಇದ್ದರೆ ಛಾಯೆಗಳ ಕ್ರಮವೇ ಉಲ್ಟಾ. ಅದಕ್ಕೆ ಬೇರೆಯೇ ಪರದೆ ಬರೆಯುತ್ತಿದ್ದೇನೆ. ಬೆಂಕಿ ಬೆಳಕಿನಲ್ಲಿ ಬಂಡೆ ಬರೆದು ಪಾಸು ಮಾಡಿಸಿದವರು ಯಾರಾದರೂ ಇದ್ದರೆ ಹೇಳಿ, ಬದಲಿಗೆ ಎಲೆಯ ಬ್ರಷ್ ಬಗ್ಗೆ ಯೋಚನೆ ಮಾಡೋಣ.